ನೀ ಹುಚ್ಚನೇನು ಅಂತ ಸ್ಪೀಡ್ ಪೋಸ್ಟಿನಾಗ ಕೇಳಿದ ಸಾಹೇಬರಿಗೆ

ಮಾನ್ಯರೇ,

ಜಿಲ್ಲಾದಾಗ ಯಾರ ಕೈಯಾಗ ಬಂದೂಕು ಇರಬೇಕು, ಯಾರ ಕೈಯಾಗ ಇರಬಾರದು ಅಂತ ತೀರ್ಮಾನ ಮಾಡೋ ಕುರ್ಚಿ ನಿಮ್ದು. ನನ್ನ ತಮ್ಮಗ ಮನಸ್ಸಿನ ಬ್ಯಾನಿ ಅದ, ಠಾಣಿಯಾಗ ಜಮಾ ಇರೋ ಅವನ ಬಂದೂಕು ವಾಪಸ್ ಕೊಡಬ್ಯಾಡ್ರಿ ಅಂತ ನಾ ನಿಮಗ ಅರ್ಜಿ ಕೊಟ್ಟೆ. ನೀವೇನು ಮಾಡಿದ್ರಿ? 'ತಮ್ಮ ಮಾನಸಿಕ ಸ್ಥಿತಿ ಸರಿ ಇಲ್ಲವೆಂದು ದೂರು ಬಂದಿರುತ್ತದೆ, ಏಳು ದಿನದೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು' ಅಂತ ಅವನಿಗೇ ಸ್ಪೀಡ್ ಪೋಸ್ಟ್ ಹಾಕಿದ್ರಿ. ಅವ 'ನಾನು ಚೆನ್ನಾಗಿರುತ್ತೇನೆ' ಅಂತ ಒಂದು ಸಾಲು ಬರದು ಸಹಿ ಮಾಡಿದ. ನೀವು ಫೈಲ್ ಮುಚ್ಚಿದ್ರಿ. ಬರೋ ಸೋಮವಾರ ಆ ಬಂದೂಕು ಅವನ ಕೈಗೆ ಹೋಗ್ತದ.

ಎಂಥಾ ವೈದ್ಯರು ನೀವು! ನಾಡಿ ಹಿಡಿಯಂಗಿಲ್ಲ, ಕಣ್ಣಿನ ರೆಪ್ಪಿ ಎತ್ತಿ ನೋಡಂಗಿಲ್ಲ, ಒಂದು ಲಕೋಟಿ ಸಾಕು. ಇದನ್ನ ಬರೇ ಬಂದೂಕಿಗೆ ಯಾಕ ಇಟ್ಕೊಂಡೀರಿ? ಕಳ್ಳರಿಗೂ ಒಂದೊಂದು ಕಾಗದ ಹಾಕ್ರಲ್ಲ, 'ತಾವು ಕದ್ದಿರುತ್ತೀರಾ?' ಅಂತ. 'ಇಲ್ಲ' ಅಂತ ಬರೀತಾರ. ವಾರದೊಳಗ ಜಿಲ್ಲಾದಾಗ ಕಳವು ಅನ್ನೋದೇ ಇರಂಗಿಲ್ಲ. ಸ್ಪೀಡ್ ಪೋಸ್ಟ್ ಅಂತ ಬ್ಯಾರೆ. ನಿಮ್ಮ ಆಫೀಸಿನಾಗ ಸ್ಪೀಡ್ ಅನ್ನೋದು ಲಕೋಟಿ ಮ್ಯಾಲ ಅಚ್ಚಾಗಿದ್ದು ಬಿಟ್ರ ಎಲ್ಲಿ ಅದ ಹೇಳ್ರಿ?

ನಾ ಯಾರು ಅಂತ ನಿಮ್ಮ ಗುಮಾಸ್ತರಿಗೆ ಗೊತ್ತು. ದೇವದುರ್ಗದಾಗ ಕಚೇರಿ ಮುಂದಿನ ಬೇವಿನ ಗಿಡದ ಕೆಳಗ ಮೂವತ್ತೆಂಟು ವರ್ಷ ಕುಂತು ಮಂದಿ ಅರ್ಜಿ ಬರದಾವ. ಈಗ ಎಪ್ಪತ್ತೊಂದು. ಕಿತಾಪತಿ ನನ್ನ ಹುಟ್ಟುಗುಣ, ಒಪ್ಕೋತೀನಿ. ಆರು ವರ್ಷದ ಹಿಂದ ನಿಮ್ಮ ಶಾಖೆಗೇ ಒಂದು ಅರ್ಜಿ ಹಾಕಿದ್ದೆ, ಜ್ವಾಳದ ಹೊಲದಾಗ ಹಕ್ಕಿ ಓಡಿಸಾಕ ನನ್ನ ಕವಣಿಗೆ ಲೈಸೆನ್ಸ್ ಕೊಡ್ರಿ ಅಂತ. ಕವಣಿ ಅಂದ್ರ ಹಗ್ಗದಾಗ ಕಲ್ಲಿಟ್ಟು ಬೀಸೋದು, ಅಷ್ಟ. ಹನ್ನೆರಡನೇ ದಿನಕ್ಕ ಜವಾಬ್ ಬಂತು: 'ಗುಂಡಿನ ಅಳತೆ ನಮೂದಿಸಿರುವುದಿಲ್ಲ. ಎರಡು ಫೋಟೋ ಲಗತ್ತಿಸಿ.' ನಾ ಎರಡು ಬೆಣಚುಕಲ್ಲಿನ ಫೋಟೋ ಕಳಿಸಿದೆ. ಅವು ಇನ್ನೂ ನಿಮ್ಮ ಫೈಲಿನಾಗ ಇರಬೇಕು, ಹುಡುಕ್ರಿ. ಕಲ್ಲಿನ ಅರ್ಜಿಗೆ ಹನ್ನೆರಡು ದಿನ. ತಮ್ಮನ ಜೀವದ ಅರ್ಜಿಗೆ ಎರಡು ತಿಂಗಳು.

ಆ ಕವಣಿ ನನ್ನ ತಲಿಗೇ ಬಂದು ಬಡೀತು. ಈ ಸಲ ನಾ ಅರ್ಜಿ ಹಿಡಕೊಂಡು ರಾಯಚೂರಿಗೆ ಬಂದಾಗ ನಿಮ್ಮ ಗುಮಾಸ್ತ ಮೊದಲ ಸಾಲು ಓದೋದರೊಳಗ ಬಾಯ್ತುಂಬ ನಕ್ಕ. "ಏನ್ ಗುರುಸಿದ್ದಪ್ಪಾರ, ಈ ಸಲ ತಮ್ಮನ್ನೇ ಹಿಡದೀರಲ್ಲ! ಬರ್ರಿ ಲೇ, ಅಜ್ಜ ಹೊಸಾ ಆಟ ತಂದಾನ" ಅಂತ ಮಗ್ಗಲಿನವರನ್ನೂ ಕರದ. ನಾ "ಖರೇನ ಅದ ಯಪ್ಪಾ" ಅಂದಷ್ಟೂ ಅವರಿಗೆ ನಗಿ. ಜೀವಮಾನ ಪೂರ್ತಿ ಮಂದಿ ನಗಿಸಿದ ತಪ್ಪಿಗೆ, ಒಂದು ದಿನ ನಗಬ್ಯಾಡ್ರಿ ಅಂತ ಬೇಡಿಕೊಳ್ಳೋ ಪಾಳಿ ಬಂತು ನನಗ. ಅದು ನನ್ನ ತಪ್ಪು, ನಾ ಹೊರ್ತೀನಿ. ಆದ್ರ ಅರ್ಜಿ ಓದೋದು ಯಾರ ಕೆಲಸಾರೀ? ಹೊರಗ ನಲವತ್ನಾಲ್ಕು ಡಿಗ್ರಿ ಶಾಖ, ಒಳಗ ನಿಮ್ಮ ಶಾಖಾ. ಬೆವರೋದು ಮಾತ್ರ ಅರ್ಜಿ ತಂದಾವ.

ನನ್ನ ತಮ್ಮ ಅಂಬಣ್ಣ. ಮಾನ್ವಿ ತಾಲ್ಲೂಕಿನಾಗ, ಪೋತ್ನಾಳದ ಬಾಜೂಕ, ಕಾಲುವಿ ಕೆಳಗ ನಾಕು ಎಕರೆ ಭತ್ತದ ಗದ್ದಿ ಅವನ್ದು. ಕಾಡಹಂದಿ ಕಾಟಕ್ಕಂತ ಒಂಟಿ ನಳಿಗಿ ಬಂದೂಕು, ಅದಕ್ಕ ನಿಮ್ಮದೇ ಲೈಸೆನ್ಸು. ಇಪ್ಪತ್ತು ವರ್ಷದಾಗ ಅವ ಹೊಡದದ್ದು ಗಾಳಿಗಷ್ಟ. ಸದ್ದಿಗೇ ಹಂದಿ ಓಡ್ತಿದ್ವು. ಮೂರು ವರ್ಷದಿಂದ ಅವನಿಗೆ ಯಾರೋ ಮಾತಾಡಿದಂಗ ಕೇಳಸ್ತದ, ಯಾರೋ ತನ್ನ ತಲಿಯಾಗಿನ ವಿಚಾರ ಎಳಕೊಂಡಂಗ ಅನಸ್ತದ. ರಾಯಚೂರಿನ ಡಾಕ್ಟರು ಗುಳಿಗಿ ಬರಕೊಟ್ಟಾರ. ಒಂದು ಮಾತು ಚಂದಾಗಿ ಕೇಳ್ಕೋರಿ: ಈ ಬ್ಯಾನಿ ಇದ್ದೋರೆಲ್ಲ ಮಂದಿ ಮ್ಯಾಲ ಬೀಳೋರಲ್ಲ. ನನಗ ಹಂಗಂತ ಹೇಳಿದ್ದೂ ಆ ಡಾಕ್ಟರೇ. ಗುಳಿಗಿ ತಗೊಂಡ ದಿನ ನನ್ನ ತಮ್ಮ ನಿಮಗಿಂತ ಶಾಣ್ಯಾ. ಮನಿಯಾಗ ಬಂದೂಕು ಇಲ್ಲದಿದ್ರ ನಾ ನಿಮ್ಮ ಮೆಟ್ಟಲಾ ಹತ್ತತಿದ್ದಿಲ್ಲ.

ಹಾದ ವರ್ಷ ಪೈರಿಗೆ ಹುಳದ ಎಣ್ಣಿ ಹೊಡಿಯೋ ಡ್ರೋನ್ ಬಂತು ಆ ಕಡೆ. ಹಾರಿಸಾಕಿ ಮೌನೇಶ್ವರಿ ಅಂತ, ಮಹಿಳಾ ಸಂಘದಾಕಿ, ಇಬ್ಬರು ಮಕ್ಕಳ ತಾಯಿ. ಬಾಜೂ ಗದ್ದಿಯಾಗ ಅದನ್ನ ಎಬ್ಬಿಸಿದ್ಲು. ಅಂಬಣ್ಣ ಬಂದೂಕು ತಗೊಂಡು ಬದುವಿನ ಮ್ಯಾಲ ನಿಂತ. "ಇಳಸಲೇ ಅದನ್ನ! ನನ್ನ ತಲಿಯಾಗಿಂದು ಎಳಕೊಳ್ಳಾಕತ್ತದ!" ಅಂದ. ಆಕಿ ಇಳಸಿದ್ಲು. ಡ್ರೋನ್ ಆಕಿ ಕಾಲ ಬುಡಕ ಬಂದು ಕುಂತಾಗ ಬಂದೂಕಿನ ಬಾಯಿನೂ ಅದರ ಜೋಡಿ ಕೆಳಗ ಇಳೀತು, ಆಕಿ ಕಡೆ. ಅಂಬಣ್ಣನ ಹೆಂಡತಿ ಆದೆಮ್ಮ ಓಡಿಬಂದು ಇಬ್ಬರ ನಡುವ ನಿಂತ್ಲು. "ಊಟಕ್ಕ ಏಳ್ರಿ, ರೊಟ್ಟಿ ಆರ್ತಾವ" ಅಂದ್ಲಂತ, ಏನೂ ಆಗೇ ಇಲ್ಲದಂಗ. ಅವ ಆಕಿ ಹಿಂದಿಂದ ನಡದ. ಅವತ್ತಿಂದ ಆದೆಮ್ಮ ಬಂದೂಕಿನ ತೋಟಾ ಎಲ್ಲ ಜ್ವಾಳದ ಹಿಟ್ಟಿನ ಡಬ್ಬಿಯಾಗ ಮುಚ್ಚಿಟ್ಟಾಳ. ನಿಮ್ಮ ಕಾಯ್ದೆ ಮಾಡಲಾರದ ಕೆಲಸ ಒಂದು ಹಿಟ್ಟಿನ ಡಬ್ಬಿ ಮಾಡ್ತು.

ಆದ್ರೂ ದೂರು ಕೊಡಲಿಲ್ಲ ನಾವು. ಯಾಕಂತ ಕೇಳ್ರಿ. "ಭಾವಾರ," ಅಂದ್ಲು ಆದೆಮ್ಮ, "ಅವರು ಗುಳಿಗಿ ತಗೊಳ್ಳೋದು ನಿಮ್ಮ ಕೈಯಾಗಿಂದ ಮಾತ್ರ. ನಾ ಕೊಟ್ರ ಉಗುಳತಾರ. ನೀವೇ ದೂರು ಕೊಟ್ಟೀರಿ ಅಂತ ಗೊತ್ತಾದ್ರ ಆ ಕೈನೂ ಹೋತು. ಬಂದೂಕು ಹೋಗಿ ಹುಚ್ಚು ಉಳದ್ರ ಏನ್ ಮಾಡಲಿ?" ಖರೇ ಇತ್ತು ಆಕಿ ಮಾತು. ವಾರಕ್ಕ ಮೂರು ಸಲ ದೇವದುರ್ಗದಿಂದ ಬಸ್ ಹತ್ತಿ ಹೋಗಿ, ಒಂದು ನಗಚಾಟಗಿ ಹೇಳಿ, ಅವ ನಕ್ಕು ಬಾಯಿ ತೆರದಾಗ ಗುಳಿಗಿ ಹಾಕ್ತಿದ್ದೆ ನಾ. ಉಳಿದ ದಿನದ್ದು ಎಣಿಸಿ, ಪೊಟ್ಟಣ ಕಟ್ಟಿ, ಮ್ಯಾಲ ನನ್ನ ಸಹಿ ಮಾಡಿ ಇಟ್ಟು ಬರ್ತಿದ್ದೆ. ಅಣ್ಣನ ಸಹಿ ನೋಡಿದ್ರ ಮಾತ್ರ ನುಂಗತಿದ್ದ.

ಅಷ್ಟರಾಗ ಚುನಾವಣಿ ಬಂತು. ಚುನಾವಣಿ ಅಂದ್ರ ಲೈಸೆನ್ಸಿನ ಬಂದೂಕು ಎಲ್ಲ ಠಾಣಿಯಾಗ ಜಮಾ ಆಗಬೇಕು, ನಿಮಗೇ ಗೊತ್ತಲ್ಲ. ಎಲ್ಲರ ಜೋಡಿ ಅಂಬಣ್ಣನೂ ಹೋಗಿ ಇಟ್ಟು ರಸೀದಿ ತಂದ. ಯಾರೂ ದೂರು ಕೊಡಲಿಲ್ಲ, ಯಾರೂ ಕಸಕೊಳ್ಳಲಿಲ್ಲ, ಮನಿ ಖಾಲಿ ಆತು. ಯಾರು ಗೆದ್ರೋ ಯಾರು ಸೋತ್ರೋ, ಆದೆಮ್ಮ ಮಾತ್ರ ನಿದ್ದಿ ಮಾಡಿದ್ಲು. ಫಲಿತಾಂಶ ಬಂದ ಮ್ಯಾಲ "ಈಗರ ಬರೀರಿ ಭಾವಾರ. ಅಲ್ಲೇ ಇಟ್ಕೋರಿ ಅನ್ನೋದು ಕಸಕೋರಿ ಅಂದಂಗ ಅಲ್ಲಲ್ಲ" ಅಂದ್ಲು. ಡಾಕ್ಟರ ಚೀಟಿ ಹಚ್ಚಿ ಬರದೆ. ನಗಿ ಎಲ್ಲ ಮುಗದ ಮ್ಯಾಲ ನಿಮ್ಮ ಗುಮಾಸ್ತಗ ಕೈ ಮುಗದು ಕೇಳಿದೆ, ನನ್ನ ಹೆಸರು ಹೊರಗ ಬಿಡಬ್ಯಾಡ್ರಿ ಅಂತ. "ಆಗ್ಲಿ ಬಿಡ್ರಿ ಅಜ್ಜಾರ, ಗುಪ್ತ" ಅಂದ. ಗುಪ್ತ ಎಷ್ಟು ಗುಪ್ತ ಅಂದ್ರ, ಅಂಬಣ್ಣಗ ಹೋದ ನೋಟಿಸಿನ ಹಿಂದ ನನ್ನ ಅರ್ಜಿಯ ಜೆರಾಕ್ಸ್ ಪಿನ್ನು ಹೊಡದು ಕಳಿಸಿದ್ರಿ, ನನ್ನ ಸಹಿ ಸಮೇತ. ಗುಳಿಗಿ ಪೊಟ್ಟಣದ ಮ್ಯಾಲ ಇರ್ತಿತ್ತಲ್ಲ, ಅದೇ ಸಹಿ.

ಮುಂದಿನ ಸಲ ನಾ ಹೋದಾಗ ಅಂಬಣ್ಣ ಆ ಜೆರಾಕ್ಸು ಮುಂದ ಇಟ್ಟ. ಬೈಯಲಿಲ್ಲ. "ಅಕ್ಷರ ಚಂದ ಅದಾವಣ್ಣ" ಅಂದ, ಅಷ್ಟ. ಇಪ್ಪತ್ತಾರು ದಿನ ನನ್ನ ಕೈಯಾಗಿಂದ ಒಂದು ಗುಳಿಗಿ ತಗೊಳ್ಳಲಿಲ್ಲ. ನಿಮಗ 'ಚೆನ್ನಾಗಿರುತ್ತೇನೆ' ಅಂತ ಬರದದ್ದು ಆ ದಿನದಾಗ. ಸಾಹೇಬ್ರ, ಅರ್ಜಿ ನಂದು, ಮರ್ಜಿ ನಿಮ್ದು, ಅದು ಎಂದಿಂದೋ ನಡದ ಬಂದದ. ಆದ್ರ ಒಂದು ಮನಿಯಾಗ ಇದ್ದ ಒಂದೇ ಒಂದು ಔಷಧದ ಕೈ ಮುರಿಯಾಕ ನಿಮಗ ಕಾಯ್ದೆದ ಯಾವ ಕಲಮು ಅಧಿಕಾರ ಕೊಟ್ಟದ? ಆ ಪಿನ್ನು ಹೊಡದಾವ ಒಂದು ಕ್ಷಣ ವಿಚಾರ ಮಾಡಿದ್ನೇನು, ಇಲ್ಲಾ ಹಾಳಿ ಹಾರಬಾರದು ಅಂತ ಹೊಡದ್ನೇನು?

ಕಡೀಕ ಡಾಕ್ಟರು ತಾವೇ ಫೋನ್ ಮಾಡಿ ಮಾತಾಡಿದ ಮ್ಯಾಲ ಗುಳಿಗಿ ಮತ್ತ ಶುರು ಆದ್ವು. ಹಾದ ವಾರ ಅಂಬಣ್ಣ ತಾನೇ ಬಸ್ ಹತ್ತಿ ನನ್ನ ಮನಿಗೆ ಬಂದ. "ಅಣ್ಣಾ, ಊರ ಮಂದಿದೆಲ್ಲ ಬರದೀ, ನಂದೊಂದು ಬರಿ" ಅಂದ. ತಾನೇ ಹೇಳಿ ಬರಿಸಿದ: ನನಗ ಆ ಬಂದೂಕು ಬ್ಯಾಡ, ನಾ ಕೇಳಾಕ ಬಂದ್ರೂ ಕೊಡಬ್ಯಾಡ್ರಿ.

"ಕೇಳಾಕ ಬಂದ್ರೂ ಅಂದ್ರ ಏನಲೇ? ನೀನೇ ಹೋಗದಿದ್ರ ಆತಲ್ಲ" ಅಂದೆ.

"ಇವತ್ತಿನ ಅಂಬಣ್ಣ ಹೋಗಂಗಿಲ್ಲ. ಸೋಮವಾರ ಯಾವ ಅಂಬಣ್ಣ ಏಳ್ತಾನೋ ನನಗ ಗೊತ್ತಿಲ್ಲಣ್ಣ" ಅಂದ.

ಸಾವಿರಾರು ಅರ್ಜಿ ಬರದ ಕೈ ಇದು, ಅವ ಹೇಳಿದ್ದನ್ನ ಒಂದಕ್ಷರ ಬಿಡದ ಬರೀತು. ಸಹಿ ಮಾಡಿಸ್ಕೊಂಡು ಮರುದಿನಾನೇ ನಿಮ್ಮ ಆಫೀಸಿಗೆ ಬಂದೆ. ಗುಮಾಸ್ತ ಈ ಸಲ ನಗಲಿಲ್ಲ. "ಅಜ್ಜಾರ, ಇದು ನಡಿಯಂಗಿಲ್ಲ. ಇವರ ಬುದ್ಧಿ ಸ್ಥಿಮಿತದಾಗ ಇಲ್ಲ ಅಂತ ನೀವೇ ದೂರು ಕೊಟ್ಟೀರಿ. ಇವರ ಸಹಿ ಹೆಂಗ ಹಿಡಿಯೋದು?"

"ಚೆನ್ನಾಗಿರುತ್ತೇನೆ ಅಂತ ಬರದಾಗ ಇದೇ ಸಹಿ ಹಿಡದ್ರಲ್ಲ?"

"ಅದು ಬ್ಯಾರೆ. ಆ ಫೈಲ್ ಮುಗದದ."

ಮಾನ್ಯರೇ, ಬಂದೂಕು ಕೊಡ್ರಿ ಅನ್ನಾಕ ಅವ ಶಾಣ್ಯಾ, ಕೊಡಬ್ಯಾಡ್ರಿ ಅನ್ನಾಕ ಹುಚ್ಚ! ಎಪ್ಪತ್ತೊಂದು ವರ್ಷದಾಗ ನಾ ಎಷ್ಟೋ ಕಿತಾಪತಿ ಮಾಡೀನಿ, ಇಂಥಾದ್ದು ನನಗ ಹೊಳೀಲೇ ಇಲ್ಲ. ಇದರ ಮುಂದ ನನ್ನ ಕವಣಿ ಅರ್ಜಿ ಗಂಭೀರ ಕಾಗದ. ನೀವು, ನನ್ನ ತಮ್ಮ, ಇಬ್ಬರೊಳಗ ಒಬ್ಬರ ತಲಿ ಕೆಟ್ಟದ ಅಂತ ನೀವು ಬರಿಯೋದಾದ್ರ, ಕನ್ನಡಿ ತರಿಸ್ಕೊಂಡು ಬರೀರಿ. ನನ್ನ ತಮ್ಮಗರ ಗುಳಿಗಿ ಅದ.

ಇದನ್ನ ಪೇಪರಿಗೆ ಕೊಡೋ ಮುಂಚೆ ಅಂಬಣ್ಣಗ ಓದಿ ಹೇಳೀನಿ. ಹೆಸರು ತಗೀಲೇನು ಅಂತ ಕೇಳಿದೆ. "ತಗದ್ರ ಯಾರ ಬಂದೂಕು ತಡಿಬೇಕಂತ ಅವರಿಗೆ ಹೆಂಗ ತಿಳೀಬೇಕು?" ಅಂದ. ಇಂಥಾ ನೆಟ್ಟಗಿನ ಮಾತು ನಿಮ್ಮ ಆಫೀಸಿನಾಗ ನಾ ಒಂದೂ ಕೇಳಿಲ್ಲ.

ಬೇಡಿಕಿ ಸಣ್ಣದು. ಠಾಣಿಗೆ ಒಂದು ಸಾಲು ಬರೀರಿ, ಅಂಬಣ್ಣನ ಬಂದೂಕು ಮುಂದಿನ ಆದೇಶದ ತನಕ ಯಾರಿಗೂ ಕೊಡಬಾರದು ಅಂತ. ಆಮ್ಯಾಲ ಡಾಕ್ಟರನ್ನ ಕೇಳ್ರಿ, ಆದೆಮ್ಮನ್ನ ಕೇಳ್ರಿ, ಮೌನೇಶ್ವರಿನ್ನ ಕೇಳ್ರಿ, ವರ್ಷಗಟ್ಟಲೆ ಪರಿಶೀಲನಾ ನಡಸ್ರಿ, ನಮ್ಮದೇನೂ ತಕರಾರಿಲ್ಲ. ಆ ಒಂದು ಸಾಲು ಮಾತ್ರ ಸೋಮವಾರದೊಳಗ ಮುಟ್ಟಬೇಕು. ಸೋಮವಾರ ಮುಂಜಾನೆ ನಾ ಠಾಣಿ ಮುಂದ ಇರ್ತೀನಿ. ಅವತ್ತು ಯಾವ ಅಂಬಣ್ಣ ಬಂದ್ರೂ ಅವ ನನ್ನ ತಮ್ಮನೇ. ಅವನ ಕೈ ಹಿಡಿಯೋದು ನನ್ನ ಕೆಲಸ. ಬಂದೂಕು ಹಿಡಿದಿಡೋದು ನಿಮ್ದು.

ಇಂತಿ,
ತಮ್ಮನ ಮ್ಯಾಲ ಅರ್ಜಿ ಕೊಟ್ಟು, ತಮ್ಮನ ಅರ್ಜಿಯನ್ನೂ ತಾನೇ ಬರದ,
ಗುರುಸಿದ್ದ
ದೇವದುರ್ಗ