ಸಿಂಧುವಿನ ಕಣ್ಣು ತಿಳಿಯಾಯಿತು

ಅವ್ವಾ,

ನೀನು ನೋಡದ ನಿನ್ನ ಮೊಮ್ಮಗಳು ಸಿಂಧುವಿಗೆ ಕತ್ತಲಾದರೆ ಕಣ್ಣು ಕಾಣುತ್ತಿರಲಿಲ್ಲ. ಕೊಳ್ಳೇಗಾಲದ ಡಾಕ್ಟರು ವಿಟಮಿನ್ ಔಷಧಿ ಕುಡಿಸಿದರು. ಸೊಪ್ಪು, ಪರಂಗಿಹಣ್ಣು ತಿನ್ನಿಸಲು ಹೇಳಿದರು.

"ನೇರಳೆ ಅಣ್ಣು ಕಣ್ಗೆ ಒಳ್ಳೇದು ಅಂತಿದ್ಲು ನಮ್ಮವ್ವ. ಕೊಡ್ಲಾ ಸಾ?" ಎಂದೆ.

"ಕೊಡಮ್ಮ. ಆದ್ರೆ ಅದೊಂದೇ ಸಾಲ್ದು, ಔಷಧಿ ಬಿಡ್ಬೇಡ" ಎಂದರು.

ನೀನು ತಂದ ಹಣ್ಣನ್ನೆಲ್ಲ ನಮಗೇ ಹಂಚುತ್ತಿದ್ದೆ. ಸಂಜೆಯಾದರೆ ನೀನೂ ಗೋಡೆ ಸವರಿಕೊಂಡು ನಡೆಯುತ್ತಿದ್ದೆ. ದಣಿವು ಅಂದುಕೊಂಡಿದ್ದೆವು.

ನಿನ್ನೆ ಲೊಕ್ಕನಹಳ್ಳಿಯಲ್ಲಿ ಬಸ್ಸಿಳಿದಾಗ ಮಬ್ಬುಗತ್ತಲು. ಎಂದಿನಂತೆ ಸಿಂಧುವನ್ನು ಎತ್ತಿಕೊಳ್ಳಲು ಬಗ್ಗಿದೆ. ಅವಳು ಕೊಸರಿಕೊಂಡು ಮುಂದೆ ಓಡಿದಳು. ದಾರಿಯ ತಿರುವಿನಲ್ಲಿ ನಿಂತು ಕೂಗಿದಳು:

"ಇಲ್ಲಿ ಕಲ್ಲೈತೆ ಕಣವ್ವ, ನೋಡ್ಕಂಡು ಬಾ!"

ಅವಳು ತೋರಿಸಿದ ಕಡೆಯೇ ಕಾಲಿಟ್ಟು ನಡೆದೆ, ಅವ್ವಾ.

ನಿನ್ನ ಪುಷ್ಪ