ಕ್ಯಾನೋಪಿ ಇಲ್ಲದ ಮಿಗ್

2 ನವೆಂಬರ್ 2025, ಭಾನುವಾರ

ಬೂದು ಮತ್ತೆ ತಪ್ಪಿತು. ಮಾಡೆಲ್ ಕಿಟ್‌ನ ಕಾಗದದಲ್ಲಿ ಹೇಳಿದ ಬಣ್ಣವನ್ನೇ ಹಚ್ಚಿದರೆ ವಿಮಾನ ಮಕ್ಕಳ ಟಿಫಿನ್ ಡಬ್ಬಿಯ ಹಾಗೆ ನೀಲಿ ಕಾಣುತ್ತದೆ. ನಿಜವಾದ ಮಿಗ್-21 ಬೈಸನ್ ಹಾಗಿರಲಿಲ್ಲ. ಬಿಸಿಲು ತಿಂದ ಬೂದು... ಹಳೆಯ ಸಿಮೆಂಟ್ ಗೋಡೆಗೆ ಹತ್ತಿರ. ಅದರ ಜೊತೆಗೆ ಇನ್ನೊಂದು ತೊಂದರೆ: ಇಷ್ಟು ಚಿಕ್ಕ ಅಳತೆಯಲ್ಲಿ ಅಸಲಿ ಬಣ್ಣವೂ ಗಾಢವಾಗಿ ಕಾಣುತ್ತದೆ. ಬಿಳಿ ಬೆರೆಸಬೇಕು. ಎಷ್ಟು ಅನ್ನುವುದಕ್ಕೆ ಪುರಾವೆ ಬೇಕು. ಪುರಾವೆ ಇಲ್ಲದೆ ಕುಂಚ ಎತ್ತುವುದಿಲ್ಲ.

ಕೆಲಸ ಕೊಟ್ಟವರು ನಂಜುಂಡಪ್ಪ ಅಂಕಲ್. ಅಪ್ಪನ ಜೊತೆ ರೈಲ್ವೆಯಲ್ಲಿದ್ದ ಕನ್ನಡದವರು, ಇಲ್ಲೇ ಬಂಗಾಳದ ಬೆಹಾಲಾದಲ್ಲಿ ನಮ್ಮ ಪಕ್ಕದ ಗಲ್ಲಿ. ಅವರ ಒಬ್ಬನೇ ಮಗ ವಿನಯ ಮಿಗ್ ಪೈಲಟ್. ಹದಿಮೂರು ವರ್ಷದ ಹಿಂದೆ, ಜನವರಿಯಲ್ಲಿ, ಮೇದಿನೀಪುರದ ಕಡೆ ಒಂದು ಸಾಸಿವೆ ಹೊಲದಲ್ಲಿ ಸತ್ತ. ಹಕ್ಕಿ ಬಡಿದು ಎಂಜಿನ್ ನಿಂತಿತಂತೆ. ಎದುರಿಗೆ ಶಾಲೆ. ತಾನು ಹೊರಗೆ ಹಾರಿಕೊಳ್ಳದೆ ವಿಮಾನವನ್ನು ಹೊಲಕ್ಕೆ ತಿರುಗಿಸಿದನಂತೆ. ಹಳ್ಳಿಯವರು ಹಾಗೆ ಹೇಳುತ್ತಾರೆ. ಅಂಕಲ್ ಮನೆಯ ಹಿತ್ತಾಳೆ ಫಲಕವೂ ಹಾಗೇ ಹೇಳುತ್ತದೆ. ಈ ಸೆಪ್ಟೆಂಬರ್‌ನಲ್ಲಿ ಮಿಗ್‌ಗಳೆಲ್ಲ ನಿವೃತ್ತಿಯಾದವು. ಅದನ್ನು ಟೀವಿಯಲ್ಲಿ ನೋಡಿ ಅಂಕಲ್ ನನ್ನ ಹತ್ತಿರ ಬಂದರು. ಮಗನ ಕೊನೆಯ ವಿಮಾನ ಗಾಜಿನ ಪೆಟ್ಟಿಗೆಯಲ್ಲಿ ಬೇಕು. ಜನವರಿ ಹನ್ನೊಂದರ ಪುಣ್ಯತಿಥಿಗೆ.

“ಹೇಗಿತ್ತೋ ಹಾಗೇ ಇರ್ಬೇಕಪ್ಪಾ ಯಶವಂತ. ಒಂದು ಗೀರು ಹೆಚ್ಚು ಬೇಡ, ಒಂದು ಗೀರು ಕಮ್ಮಿ ಬೇಡ.”

ಒಪ್ಪಿಕೊಂಡೆ. ನನ್ನ ಷರತ್ತೂ ಅದೇ.

9 ನವೆಂಬರ್

ಗೆಳತಿ ಸ್ಫೂರ್ತಿ ಸೆಕ್ಟರ್ ಫೈವ್‌ನ ಆಫೀಸಿನಿಂದ ಜಾದವ್‌ಪುರಕ್ಕೆ ಬಂದಿದ್ದಳು. ಭಾನುವಾರವೂ ಕೆಲಸವಂತೆ. ಬಸ್ ಸ್ಟ್ಯಾಂಡ್ ಹತ್ತಿರ ಟೀ. ನಾನು ಕರಪತ್ರದ ಅಂಗಡಿಯಲ್ಲಿ ನಾಲ್ಕು ಕೊಂಡೆ. ಎರಡು ಬಂಗಾಳಿ, ಒಂದು ಹಿಂದಿ, ಒಂದು ಇಂಗ್ಲಿಷ್.

“ಯುದ್ಧ ಬೇಡ ಅಂತ ಬ್ಯಾಗ್ ಮೇಲೆ ಬ್ಯಾಡ್ಜು. ಉಗುರಲ್ಲಿ ಫೈಟರ್ ಜೆಟ್ ಪೇಂಟು. ಯಾವ ಪಾರ್ಟಿನೋ ನಿಂದು?”

“ಯಾವುದೂ ಅಲ್ಲ.”

“ಅದಕ್ಕೇ ನಿಂಗೆ ಯಾರೂ ಟೀ ಕೊಡಿಸಲ್ಲ.”

ಅವಳೇ ಕೊಡಿಸಿದಳು. ವಿವರಿಸಿದೆ. ಹೊಳೆಯುವ ಮಾಡೆಲ್ ಕಟ್ಟುವವನು ಯುದ್ಧದ ಏಜೆಂಟ್. ನಾನು ಹೊಗೆಯ ಮಸಿ ಹಾಕುತ್ತೇನೆ, ಸೋರಿದ ಎಣ್ಣೆಯ ಗುರುತು ಹಾಕುತ್ತೇನೆ, ಹರಿದ ಬಣ್ಣ ತೋರಿಸುತ್ತೇನೆ. ಕೊಳೆಯೇ ಸತ್ಯ. ಅವಳು ಫೋನ್ ನೋಡುತ್ತಿದ್ದಳು.

ಇಂಗ್ಲಿಷ್ ಕರಪತ್ರದಲ್ಲಿ ಒಂದು ಸಾಲು, ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆ. ಕನ್ನಡದಲ್ಲಿ ಹೀಗೆ: ಹೆಣಕ್ಕೆ ಹಿತ್ತಾಳೆ ಹೊದಿಸಿದ ದಿನವೇ ಮುಂದಿನ ಹೆಣದ ಅಳತೆ ತೆಗೆಯುತ್ತಾರೆ.

ಅಂಕಲ್ ಮನೆಯ ಫಲಕ ನೆನಪಾಯಿತು.

16 ನವೆಂಬರ್

ಅಂಕಲ್ ಮನೆ. ವಿನಯನ ಕೋಣೆಯಲ್ಲಿ ಅವನ ಫೋಟೊಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಅವನ ಮುಖವಲ್ಲ, ಹಿಂದಿರುವ ವಿಮಾನ. ಬಾಲದ ನಂಬರ್ ಸಿಕ್ಕಿತು. ರೆಕ್ಕೆಯ ಬುಡದಲ್ಲಿ ಬೂಟಿನ ಸವೆತ. ಬಣ್ಣಕ್ಕೆ ಪ್ರಯೋಜನವಿಲ್ಲ, ಎಲ್ಲ ಮಾಸಿದ ಪ್ರಿಂಟು.

ಅವನ ಅಮ್ಮ ಪಾರ್ವತಿ ಆಂಟಿ ಆ ಕೋಣೆಗೆ ಕಾಲಿಡುವುದಿಲ್ಲ. ಬಾಗಿಲಲ್ಲಿ ನಿಂತು ಅವಲಕ್ಕಿ ತಟ್ಟೆ ಚಾಚಿದರು. ಅಂಕಲ್ ಹಳ್ಳಿಯವರ ಕತೆ ಹೇಳುತ್ತಿದ್ದರು. ಪ್ರತಿ ಪುಣ್ಯತಿಥಿಗೆ ಶಾಲೆಯ ಹೆಡ್‌ಮಾಸ್ಟರ್ ಹತ್ತು ಜನರನ್ನು ಕರೆತರುತ್ತಾರೆ. ಖರ್ಜೂರ ಬೆಲ್ಲದ ಸಂದೇಶ್ ಸಿಹಿ ತರುತ್ತಾರೆ. ಫೋಟೊಗೆ ಹಾರ, ಆಂಟಿಯ ಕಾಲಿಗೆ ನಮಸ್ಕಾರ.

“ಅವತ್ತು ಒಂದನೇ ಕ್ಲಾಸಲ್ಲಿದ್ದೋರು ಈಗ ಕಾಲೇಜು,” ಅಂಕಲ್ ಅಂದರು.

“ದೊಡ್ಡೋರಿಗೆ ಮದುವೆ ಆಗ್ತಾ ಇದೆ,” ಆಂಟಿ ಬಾಗಿಲಿಂದಲೇ ಅಂದರು. “ಲಗ್ನಪತ್ರಿಕೆ ತಂದು ನನ್ನ ಕೈಲೇ ಕೊಡ್ತಾರೆ. ಮಾಶಿಮಾ, ಚಿಕ್ಕಮ್ಮಾ, ನೀವು ಬರಲೇಬೇಕು ಅಂತಾರೆ.”

“ಪಾರ್ವತಿ.”

“ಯಾಕೆ? ಸುಳ್ಳಾ? ನನ್ನ ಮಗಂಗೆ ಎಲ್ಲರೂ ಬೇಕಾಗಿದ್ರು. ನಾನೊಬ್ಬಳು ಬಿಟ್ಟು.”

ಅಂಕಲ್ ಕಿಟಕಿ ಕಡೆ ತಿರುಗಿದರು. ಅವಲಕ್ಕಿ ಖಾರ ಇತ್ತು.

23 ನವೆಂಬರ್

ಸಿಕ್ಕಿತು!

ಮಾಡೆಲ್ ಗುಂಪಿನವರೊಬ್ಬರು ತಪನ್‌ದಾ ನಂಬರ್ ಕೊಟ್ಟರು. ಆಗ ಮೇದಿನೀಪುರದಲ್ಲಿ ಪೇಪರ್‌ಗಳಿಗೆ ಫೋಟೊ ತೆಗೆಯುತ್ತಿದ್ದವರು. ಈಗ ಜಾದವ್‌ಪುರದಲ್ಲಿ ಪಾಸ್‌ಪೋರ್ಟ್ ಫೋಟೊ ಅಂಗಡಿ. ವಿಮಾನ ಬಿದ್ದ ದಿನವೇ ಅಲ್ಲಿಗೆ ಹೋಗಿದ್ದರು. ಫೋನಿನಲ್ಲಿದ್ದ ಎರಡನ್ನು ವಾಟ್ಸ್ಯಾಪ್‌ನಲ್ಲಿ ಕಳಿಸಿದರು. ಉಳಿದವು ಊರಲ್ಲಿ ಅಣ್ಣನ ಮನೆಯಲ್ಲಂತೆ.

ವಿಮಾನ ಹೊಟ್ಟೆಯ ಮೇಲೆ ಜಾರಿ ಬದುವಿಗೆ ಬಡಿದಿದೆ. ಮೂಗು ನಜ್ಜುಗುಜ್ಜು, ಬೆನ್ನು ಮುರಿದಿದೆ, ಬೆಂಕಿ ಹತ್ತಿಲ್ಲ. ಬಣ್ಣ ಹಾಗೇ ಇದೆ. ಸಂಜೆಯ ಬೆಳಕು; ಹಳದಿ ಕಳೆದು ನೋಡಿದೆ. ಪಕ್ಕದಲ್ಲಿ ಬಿದ್ದ ಬಿಳಿ ಬಟ್ಟೆಯನ್ನು ಅಳತೆಗೆ ಇಟ್ಟುಕೊಂಡೆ. ಬೂದು ಸಿಕ್ಕಿತು. ಮೂರು ವಾರದ ಬೂದು.

ಆಮೇಲೆ ಕಂಡದ್ದು ಅದಲ್ಲ. ಕ್ಯಾನೋಪಿ ಇಲ್ಲ. ಪೈಲಟ್‌ನ ತಲೆಯ ಮೇಲಿನ ಗಾಜಿನ ಮುಚ್ಚಳ... ವಿಮಾನದ ಮೇಲೆ ಇಲ್ಲ. ಎರಡನೇ ಫೋಟೊದಲ್ಲಿ ಅದು ದೂರ ಸಾಸಿವೆಯ ನಡುವೆ ಬಿದ್ದಿದೆ.

ಬೈಸನ್‌ನಲ್ಲಿ ಪೈಲಟ್ ಹಾರಿಕೊಳ್ಳಲು ಹ್ಯಾಂಡಲ್ ಎಳೆದರೆ ಮೊದಲು ಹಾರಿಹೋಗುವುದು ಕ್ಯಾನೋಪಿ. ಅದರ ಹಿಂದೆ ಸೀಟು. ಮಾಡೆಲ್ ಕಟ್ಟುವ ಯಾರನ್ನು ಬೇಕಾದರೂ ಕೇಳಿ. ಕ್ಯಾನೋಪಿ ಹೋಗಿದೆ ಅಂದರೆ ಹ್ಯಾಂಡಲ್ ಎಳೆದಿದ್ದಾನೆ. ತಡವಾಯಿತು, ಸೀಟು ಹೋಗಲಿಲ್ಲ.

ತಪ್ಪಿಸಿಕೊಳ್ಳಲು ನೋಡಿದ. ವಿಮಾನ ಹೊಲದಲ್ಲಿ ಬಿದ್ದದ್ದು ಅದರ ಪಾಡಿಗೆ. ವೀರನಲ್ಲ. ಹೆದರಿದ ಹುಡುಗ. ಹದಿಮೂರು ವರ್ಷದ ಹಿತ್ತಾಳೆ ಸುಳ್ಳು, ನನ್ನ ಮೇಜಿನ ಮೇಲೆ ಒಡೆದುಹೋಯಿತು.

ಖುಷಿಗೆ ಊಟ ಸೇರಲಿಲ್ಲ.

24 ನವೆಂಬರ್, ಮಧ್ಯಾಹ್ನ

ಹೇಳಿಬಂದೆ. ಒಂದು ದಿನವೂ ಕಾಯಲಿಲ್ಲ. ಕಾಯುವುದೂ ಸುಳ್ಳೇ.

ಅಂಕಲ್ ಫೋಟೊವನ್ನು ತುಂಬ ಹೊತ್ತು ನೋಡಿದರು. ರೈಲ್ವೆಯಲ್ಲಿ ಅಪಘಾತಗಳ ವಿಚಾರಣೆಗೆ ಕೂರುತ್ತಿದ್ದವರು. ಸಾಕ್ಷಿ ಮಾತು ಬದಲಿಸಬಹುದು, ಫೋಟೊ ಬದಲಿಸುವುದಿಲ್ಲ ಅನ್ನುವುದು ಅವರದೇ ಮಾತು.

“ಹೆಡ್‌ಮಾಸ್ಟರ್ ಕಣ್ಣಾರೆ ಕಂಡಿದ್ರಲ್ಲಪ್ಪಾ.”

“ಶಾಲೆಯಿಂದ ಕಂಡದ್ದು, ಅಂಕಲ್. ಅಲ್ಲಿಂದ ಗಾಜು ಕಾಣುತ್ತಾ? ಆಮೇಲೆ ಪೊಲೀಸರು ಯಾರನ್ನೂ ಹತ್ತಿರ ಬಿಡಲಿಲ್ಲ.”

“ನಮಗೆ ಪೆಟ್ಟಿಗೆ ಮುಚ್ಚಿ ತಂದ್ರು. ನಾನೂ ಏನೂ ಕೇಳ್ಲಿಲ್ಲ... ಕೇಳ್ಬೇಕಾಗಿತ್ತು.”

ಕನ್ನಡಕ ತೆಗೆದು ಮಡಚಿದರು. ಮತ್ತೆ ಬಿಡಿಸಿದರು. ಮತ್ತೆ ಮಡಚಿದರು.

ಆಂಟಿ ಒಳಗೆ ಬಂದಿದ್ದರು. ಆ ಕೋಣೆಯ ಒಳಗೆ. ಗಮನಿಸಲೇ ಇಲ್ಲ.

“ಅಂದ್ರೆ ಹೊರಗೆ ಬರೋಕೆ ನೋಡಿದ್ನಾ?”

“ಹೌದು, ಆಂಟಿ.”

“ಬದುಕ್ಬೇಕು ಅಂತ ನೋಡಿದ್ನಾ? ಮನೆಗೆ ಬರ್ಬೇಕು ಅಂತ?”

“ಹ್ಯಾಂಡಲ್ ಎಳೆದಿದ್ದಾನೆ.”

ಮಂಚದ ಮೇಲೆ ಕೂತರು. ವಿನಯನ ಮಂಚ. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಅಳು ಅಂದುಕೊಂಡಿದ್ದೆ, ನಗುವೇ.

“ಹದಿಮೂರು ವರ್ಷ ಬೈಕೊಂಡೇ ಇದ್ದೆ ನನ್ನ ಕೂಸನ್ನ. ಕಂಡೋರ ಮಕ್ಕಳಿಗಾಗಿ ಅಮ್ಮನ್ನ ಬಿಟ್ಟುಹೋದ ಅಂತ.” ನನ್ನ ಕೈ ಹಿಡಿದುಕೊಂಡರು. “ನಿನ್ನ ಹೊಟ್ಟೆ ತಣ್ಣಗಿರಲಿ.”

ಅಂಕಲ್ ಎದ್ದು ಬಾತ್‌ರೂಮಿಗೆ ಹೋದರು. ನಾನು ಹೊರಡುವವರೆಗೂ ನಲ್ಲಿ ಬಿಟ್ಟೇ ಇತ್ತು.

7 ಡಿಸೆಂಬರ್

ಆಂಟಿ ದಿನಾ ಕರೆಯುತ್ತಾರೆ. ಇವತ್ತು ಒತ್ತು ಶ್ಯಾವಿಗೆ, ನಾಳೆ ಅಕ್ಕಿ ರೊಟ್ಟಿ, ಎಲ್ಲ ವಿನಯನಿಗೆ ಇಷ್ಟವಾದದ್ದು. ಅವನ ಕತೆಗಳು. ನಮ್ಮ ಕೇರಿಯ ಪಾರಾ ಕ್ಲಬ್‌ನಲ್ಲಿ ಕೇರಂ ಬಿಲ್ಲೆ ಕದ್ದದ್ದು, ಹಿಲ್ಸಾ ಮೀನು ತಿಂದು ಬಂದು ಬಾಯಿ ತೊಳೆದುಕೊಂಡದ್ದು. ಲಿಂಗಾಯತರ ಮನೆಯಲ್ಲಿ ಹುಟ್ಟಿ ಮೀನು ತಿಂದವನು ನಮ್ಮ ಹುಡುಗ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಕೋಣೆ ಗುಡಿಸಿ, ಹೊಸ ಪರದೆ ಹಾಕಿದ್ದಾರೆ. ಮಾಡೆಲ್ ಕ್ಯಾನೋಪಿ ಇಲ್ಲದೆಯೇ ಆಗಬೇಕಂತೆ.

“ತೆಗೆದೇ ಇರ್ಲಿ. ಹೊರಗೆ ಬರೋಕೆ ನೋಡಿದ್ದು ಕಾಣ್ಬೇಕು.”

ಅಂಕಲ್ ಫಲಕದ ಸ್ಕ್ರೂ ತಾವೇ ಬಿಚ್ಚಿ, ಪೇಪರ್ ಸುತ್ತಿ ಮಂಚದ ಕೆಳಗೆ ತಳ್ಳಿದರಂತೆ. ಹೆಡ್‌ಮಾಸ್ಟರ್‌ಗೆ ಫೋನ್ ಮಾಡಿ ಈ ಸಲ ಬರಬೇಡಿ ಅಂದರಂತೆ. ಕಾರಣ ಹೇಳಲಿಲ್ಲ. ವಾಕಿಂಗ್ ನಿಲ್ಲಿಸಿದ್ದಾರೆ. ಗಲ್ಲಿಯಲ್ಲಿ ಎಲ್ಲರೂ ಅವರನ್ನು ಪೈಲಟ್‌ನ ಬಾಬಾ, ಅಂದರೆ ಅಪ್ಪ, ಎಂದೇ ಕರೆಯುತ್ತಿದ್ದದ್ದು.

ಅವರ ಮಟ್ಟಿಗೆ ಇದು ಆಗಬೇಕಾದ್ದೇ. ಮಗನ ಹೆಣವನ್ನು ಹದಿಮೂರು ವರ್ಷ ಕೊರಳಿಗೆ ಪದಕದ ಹಾಗೆ ಹಾಕಿಕೊಂಡು ತಿರುಗಿದವರು. ಕರುಣೆ ಬರಲಿಲ್ಲ. ಬರಬಾರದು.

28 ಡಿಸೆಂಬರ್

ತಪನ್‌ದಾ ಊರಿನಿಂದ ಹಾರ್ಡ್ ಡಿಸ್ಕ್ ತಂದಿದ್ದರು. ರೆಕ್ಕೆಯ ಕೆಳಗಿನ ಮಸಿ ನೋಡಬೇಕು ಎಂದು ನಾನೇ ಗಂಟುಬಿದ್ದಿದ್ದೆ. ಅಂಗಡಿಯಲ್ಲೇ ಕೂತು ತೆರೆದೆ. ಇವು ಮೂಲ ಫೈಲುಗಳು. ಪ್ರತಿ ಫೋಟೊದ ಜೊತೆ ತೆಗೆದ ಹೊತ್ತು ಇದೆ.

ಮೊದಲನೆಯದು ಬೆಳಿಗ್ಗೆ. ಶಾಲೆಯ ಪ್ರಾರ್ಥನೆ ಮುಗಿಯುವಾಗ ಬಿದ್ದದ್ದು. ಇದು ಅದಾದ ಸ್ವಲ್ಪ ಹೊತ್ತಿಗೆ, ದೂರದಿಂದ, ಉದ್ದ ಲೆನ್ಸಿನಲ್ಲಿ. ಮಂಜು ಇನ್ನೂ ಇದೆ. ಕ್ಯಾನೋಪಿ ವಿಮಾನದ ಮೇಲೆಯೇ ಇದೆ. ಮುಚ್ಚಿದೆ. ಗಾಜು ಸೀಳಿದೆ.

ಮಧ್ಯಾಹ್ನ ರಕ್ಷಣಾ ತಂಡದವರು ಕಟ್ಟರ್ ಹಿಡಿದು ಅದರ ಚೌಕಟ್ಟು ಕೊಯ್ಯುತ್ತಿದ್ದಾರೆ. ಆಮೇಲೆ ಇಬ್ಬರು ಅದನ್ನು ಎತ್ತಿಕೊಂಡು ಸಾಸಿವೆಯೊಳಗೆ ನಡೆಯುತ್ತಿದ್ದಾರೆ. ನನ್ನ ಹತ್ತಿರ ಇದ್ದವು ಸಂಜೆಯವು. ಎಲ್ಲ ಮುಗಿದ ಮೇಲಿನವು.

ಸಂಜೆ ಅಂತ ಗೊತ್ತಿತ್ತು. ಹಳದಿ ಕಳೆದವನು ನಾನೇ. ಬೂದು ಬಣ್ಣಕ್ಕೆ ಹೊತ್ತು ಕೇಳಿದೆ, ಕ್ಯಾನೋಪಿಗೆ ಕೇಳಲಿಲ್ಲ. ಭಾಗ ಇದೆಯೋ ಇಲ್ಲವೋ ನೋಡುವುದು ಅಭ್ಯಾಸ. ಯಾವಾಗ ಹೋಯಿತು, ಯಾರು ತೆಗೆದರು ಎಂದು ಮಾಡೆಲ್‌ಗೆ ಬೇಕಾಗುವುದಿಲ್ಲ.

ತಪನ್‌ದಾ ಟೀ ತರಿಸಿದರು. “ಆಮಿ ನಿಜೇ ದೇಖೇಛಿ,” ಅಂದರು. ಕಣ್ಣಾರೆ ಕಂಡಿದ್ದಾರೆ. ಅವತ್ತು ಆ ಶಾಲೆಯ ಕಾರ್ಯಕ್ರಮಕ್ಕೇ ಹೋಗಿದ್ದರಂತೆ. ವಿಮಾನ ಸದ್ದೇ ಇಲ್ಲದೆ ಬಂತು. ಶಾಲೆಯ ನೇರಕ್ಕೆ ಬಂದು, ಕೆರೆಯ ಮೇಲೆ ಹೊರಳಿತು. ಒಂದು ಸಲ ನೆಟ್ಟಗಾಯಿತು. ಮತ್ತೆ ಹೊರಳಿತು. ಹೊಲ ಆರಿಸುತ್ತಿದ್ದ ಹಾಗಿತ್ತು.

ಹ್ಯಾಂಡಲ್ ಎಳೆದಿಲ್ಲ.

30 ಡಿಸೆಂಬರ್

ಸ್ಫೂರ್ತಿ ಫೋನಿನಲ್ಲಿ ಕಿರುಚಿದಳು.

“ಬಾಯಿ ಮುಚ್ಕೊಂಡಿರು! ಆ ಹೆಂಗಸು ಈಗ ತಾನೇ ನಗ್ತಾ ಇದೆ.”

“ಅಂಕಲ್?”

“ಅವರಿಗೆ ಒಬ್ಬರಿಗೇ ಗುಟ್ಟಾಗಿ ಹೇಳು.”

“ಅವರು ಆಂಟಿಗೆ ಹೇಳದೆ ಇರ್ತಾರಾ? ಒಂದೇ ಮನೆ, ಎರಡು ಸತ್ಯ ಇಡೋಕಾಗುತ್ತಾ?”

“ಯಶೂ, ಇದು ಕರಪತ್ರ ಅಲ್ವೋ. ಮನುಷ್ಯರು.”

ಮನುಷ್ಯರಿಗೆ ಅಂತ ಒಂದು ಸತ್ಯ, ಮಿಕ್ಕಿದ್ದಕ್ಕೆ ಇನ್ನೊಂದೇ? ಸುಮ್ಮನಿದ್ದರೆ ನನ್ನ ವಾದವೇ ಗೆಲ್ಲುತ್ತದೆ: ವೀರ ಇಲ್ಲ, ಫಲಕ ಸುಳ್ಳು. ಅದಕ್ಕೇ ಸುಮ್ಮನಿರುವಂತಿಲ್ಲ. ನನಗೆ ಅನುಕೂಲವಾದ ಸುಳ್ಳನ್ನು ಇಟ್ಟುಕೊಂಡರೆ ಹಿತ್ತಾಳೆಯವರಿಗೂ ನನಗೂ ಏನು ವ್ಯತ್ಯಾಸ.

ಇವತ್ತೇ ಹೋಗಬೇಕು.

10 ಜನವರಿ 2026

ಹೋಗಿಲ್ಲ. ಜ್ವರ ಎಂದು ಹೇಳಿಸಿದೆ. ಜ್ವರ ಇರಲಿಲ್ಲ. ಆಂಟಿ ಮೆಣಸಿನ ಸಾರು ಕಳಿಸಿದರು.

ಮಾಡೆಲ್ ಮುಗಿದಿದೆ. ಇಷ್ಟು ಚೆನ್ನಾಗಿ ಯಾವುದನ್ನೂ ಮಾಡಿಲ್ಲ.

11 ಜನವರಿ, ಮಧ್ಯಾಹ್ನ

ಬೆಳಿಗ್ಗೆ ಒಯ್ದೆ. ಪೆಟ್ಟಿಗೆಯಲ್ಲಿ ವಿಮಾನ, ಅದರ ಪಕ್ಕ ಹತ್ತಿಯಲ್ಲಿ ಸುತ್ತಿದ ಕ್ಯಾನೋಪಿ. ಮನೆ ತುಂಬ ಪಾಯಸದ ವಾಸನೆ. ಜನ ಇರಲಿಲ್ಲ, ಅವರಿಬ್ಬರೇ. ಆಂಟಿ ಹೊಸ ಸೀರೆ ಉಟ್ಟಿದ್ದರು.

ಪ್ರಿಂಟುಗಳನ್ನು ಹೊತ್ತಿನ ಪ್ರಕಾರ ಜೋಡಿಸಿ ಮೇಜಿನ ಮೇಲೆ ಇಟ್ಟೆ. ನನ್ನದು ತಪ್ಪು ಎಂದೆ. ಏನು ತಪ್ಪು ಎಂದು ಬಿಡಿಸಿ ಹೇಳಿದೆ.

ಅಂಕಲ್ ಮೊದಲ ಫೋಟೊ ಎತ್ತಿಕೊಂಡರು. ನೋಡನೋಡುತ್ತಾ ಬೆನ್ನು ನೆಟ್ಟಗಾಯಿತು.

“ನಾನು ಹೇಳ್ಲಿಲ್ವಾ? ನನ್ನ ಮಗ ಓಡಿಹೋಗೋ ಜಾತಿ ಅಲ್ಲ! ಪಾರ್ವತಿ, ನೋಡೇ ಇಲ್ಲಿ, ಅಲ್ಲಾಡಿಲ್ಲ ಅವನು!”

ಆಂಟಿಯ ಮುಖವನ್ನು ಅವರು ನೋಡಲೇ ಇಲ್ಲ. ಮಂಚದ ಕೆಳಗೆ ಬಗ್ಗಿ ಫಲಕ ಎಳೆದರು. ಫೋನ್ ಕಿವಿಗಿಟ್ಟು ಹೆಡ್‌ಮಾಸ್ಟರ್‌ಗೆ ಬಂಗಾಳಿಯಲ್ಲಿ ಕೂಗಿದರು: ಬನ್ನಿ, ಇವತ್ತೇ ಬನ್ನಿ, ಎಲ್ಲರೂ ಬನ್ನಿ.

ಆಂಟಿ ಒಳಗೆ ಹೋಗಿ ಗ್ಯಾಸ್ ಆರಿಸಿ ಬಂದರು.

“ಯಶವಂತ. ಅವನಿಗೆ ಯೋಚನೆ ಮಾಡೋಷ್ಟು ಹೊತ್ತು ಇತ್ತಾ?”

ಗೊತ್ತಿಲ್ಲ ಎನ್ನಬಹುದಿತ್ತು. ಫೋಟೊದಲ್ಲಿ ಅದು ಬರುವುದಿಲ್ಲ ಎನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ, ಪೂರ್ತಿ. ತಪನ್‌ದಾ ಕಂಡದ್ದನ್ನು ಹೇಳಿದೆ. ಕೆರೆ. ಒಂದು ಸಲ ಹೊರಳಿದ್ದು, ನೆಟ್ಟಗಾದದ್ದು, ಮತ್ತೆ ಹೊರಳಿದ್ದು.

“ಇತ್ತು, ಆಂಟಿ.”

“ನಾನು ನೆನಪಾಗೋಷ್ಟು?”

“ಹೌದು.”

ತಲೆಯಾಡಿಸಿದರು. ಮಾಡೆಲ್ ಹತ್ತಿರ ಬಂದು, ತೆರೆದ ಕಾಕ್‌ಪಿಟ್ ಒಳಗೆ ಕಿರುಬೆರಳ ತುದಿ ಇಟ್ಟರು. ಸೀಟಿನ ಮೇಲೆ. ತೆಗೆದರು.

“ಹಾಗಾದ್ರೆ ಮುಚ್ಚು.”

ಅವರ ಎದುರೇ ಅಂಚಿಗೆ ಗ್ಲೂ ಹಚ್ಚಿ ಕೂರಿಸಿದೆ. ಒಣಗುವವರೆಗೆ ಒತ್ತಿ ಹಿಡಿಯಬೇಕು. ನನ್ನ ಕೈ ಸರಿಸಿ ಅವರೇ ಹೆಬ್ಬೆರಳಲ್ಲಿ ಒತ್ತಿ ಹಿಡಿದರು. ಗೋಡೆಗೆ ಅಂಕಲ್ ಸ್ಕ್ರೂ ತಿರುಗಿಸುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಸಾಕು, ಹಿಡಿದುಕೊಂಡಿದೆ, ಬಿಡಿ ಆಂಟಿ ಎಂದೆ. ಕೇಳಿಸಲಿಲ್ಲವೇನೋ. ಇನ್ನೊಮ್ಮೆ ಹೇಳಿದೆ. ಪ್ಲಾಸ್ಟಿಕ್ ಚಿಟ್ ಎಂದಿತು. ಆಗಲೂ ಒತ್ತಿ ಹಿಡಿದೇ ಇದ್ದರು.