ಪ್ರಧಾನಮಂತ್ರಿಗಳು ಓಟು ಕೇಳಿದ್ದು

ಮಾರ್ಲ್‌ಬಿ,
1740ನೇ ಇಸವಿ, ಏಪ್ರಿಲ್ 14

ಪ್ರಿಯ ಹೆಸ್ಟರ್,

ಲಂಡನ್ನಿನಲ್ಲಿ ನೀನೂ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ವಾರವಾದರೂ ಒಂದು ಸಾಲು ಬರೆಯಲಿಲ್ಲವೆಂದು ಸಿಡಿಮಿಡಿಗೊಳ್ಳಬೇಡ. ಊರಿನ ಕಟುಕರು, ಕಮ್ಮಾರರೆಲ್ಲ ಕುಲುಕಿ ಕುಲುಕಿ ನನ್ನ ಬಲಗೈ ಬನ್ನಿನಂತೆ ಉಬ್ಬಿಹೋಗಿತ್ತು. ಲೇಖನಿ ಹಿಡಿಯುವಷ್ಟು ಇಳಿದದ್ದು ಇವತ್ತೇ.

ಮೊದಲು ಶುಭವಾರ್ತೆ: ಗೆದ್ದೆ!

ನಮ್ಮ ಕಾನೂನಿನ ಚಂದ ನೋಡು. ಇಪ್ಪತ್ತೈದು ವರ್ಷ ಸಂಸತ್ತಿನಲ್ಲಿ ಕೂತು, ಹಡಗಿನ ಹಗ್ಗದಿಂದ ಹಿಡಿದು ಖಜಾನೆಯವರೆಗೆ ಎಲ್ಲದಕ್ಕೂ ಹೆಣಗಿದ ಮೇಲೆ ದೊರೆಗಳು ಕರೆದು ಮೊದಲ ಮಂತ್ರಿ ಮಾಡಿದರು. ಅವರ ಕೈಗೆ ಮುತ್ತಿಟ್ಟು ಎದ್ದೆನೋ ಇಲ್ಲವೋ, ಸಂಸತ್ತಿನ ನನ್ನ ಜಾಗವೇ ಹೋಯಿತು. ಪದವಿ ಒಪ್ಪಿಕೊಂಡವನು ಊರಿಗೆ ಹೋಗಿ ಮತ್ತೆ ಆರಿಸಿ ಬರಬೇಕಲ್ಲ! ಸೋತರೆ ಪದವಿಗೂ ನಮಸ್ಕಾರ.

ಎದುರಾಳಿ, ಬಿಯರು ತಯಾರಿಸುವ ಪ್ಲಮ್‌ಟ್ರಿ. ಅವನ ಪೀಪಾಯಿಗಳು ನನಗಿಂತ ಚೆನ್ನಾಗಿ ಭಾಷಣ ಮಾಡುತ್ತವೆ.

"ಬನ್ನಿ ಬನ್ನಿ, ಪ್ರಧಾನಮಂತ್ರಿಗಳೇ!" ಎಂದ, ಓಟು ಕೇಳುತ್ತಾ ಅವನ ಬಾಗಿಲಿಗೆ ಹೋದಾಗ, ಕುದುರೆ ಜೀನು ಹೊಲಿಯುವ ನಾಬ್ಸ್. ದೊರೆಯನ್ನೇ ಮೀರಿ ಮೆರೆಯುವವನು ಎಂಬರ್ಥದ ಆ ಮಾತು ನಮ್ಮಲ್ಲಿನ್ನೂ ಬೈಗುಳವೇ ತಾನೆ?

"ಬೈಬೇಡ ಕಣಯ್ಯಾ, ಓಟು ಕೊಡು."

"ಕೊಡೋಣ. ಮೊದಲು ನಮ್ಮವಳ ಕೆನ್ನೆಗೆ ಮುತ್ತು ಕೊಡಿ. ಪ್ಲಮ್‌ಟ್ರಿ ಆಗಲೇ ಎರಡು ಕೊಟ್ಟು ಹೋದ."

ಒಳಗಿಂದ ಅವನ ಹೆಂಡತಿ ಕೂಗಿದಳು: "ಮಂತ್ರಿಗಳು ಮೊದಲು ಮೂತಿ ಒರೆಸ್ಕೊಳ್ಳಲಿ! ಮೂಗಿನ ತುಂಬಾ ನಶ್ಯ!"

ಒರೆಸಿಕೊಂಡೆ, ಹೆಸ್ಟರ್. ದೇಶದ ಹಿತಕ್ಕಾಗಿ ಮೂರು ಕೊಟ್ಟೆ.

ನಿನ್ನೆ ಚೌಕದಲ್ಲಿ ಮತದಾನ. ಒಬ್ಬೊಬ್ಬರಾಗಿ ಅಟ್ಟಣಿಗೆ ಹತ್ತಿ, ಎಲ್ಲರೆದುರು ತಮ್ಮವನ ಹೆಸರು ಕೂಗಬೇಕು. ಮಧ್ಯಾಹ್ನದವರೆಗೂ ನಾನು ಹಿಂದೆ ಬಿದ್ದಿದ್ದೆ. ಆಗ ಕಾಲುಚೀಲ ಹೆಣೆಯುವ ಮುದುಕ ಟೋಬಿಟ್ ಬಂದ. ಮಂಡಿನೋವಿನಿಂದ ಚಳಿಗಾಲವಿಡೀ ಹಾಸಿಗೆ ಹಿಡಿದವನನ್ನು ನೆರೆಯವರು ಕುರ್ಚಿಸಮೇತ ಹೊತ್ತು ತಂದಿದ್ದರು.

"ಥರ್ಸ್‌ಬಿಗೆ!" ಎಂದು ನನ್ನ ಹೆಸರು ಹಿಡಿದು ಕಿರುಚಿದ. "ಅವನ ಭಾಷಣ ನಂಗೊಂದೂ ಅರ್ಥ ಆಗಿಲ್ಲ. ಆದ್ರೆ ನಮ್ಮೂರಿಗೆ ಸೇತುವೆ ಕಟ್ಟಿಸಿದ್ದು ಅವನೇ ಕಣ್ರಯ್ಯಾ!"

ಜನ ನಕ್ಕರು. ನಾನು ವಿಗ್ಗಿಗೆ ಹಾಕಿದ ಬಿಳಿ ಪುಡಿ ಕಣ್ಣಿಗೆ ಬಿತ್ತೆಂದು ನಟಿಸಿ ಕಣ್ಣೊರೆಸಿಕೊಳ್ಳಬೇಕಾಯಿತು. ಅವನ ಹಿಂದೆಯೇ ನೇಕಾರರ ಕೇರಿ ಪೂರ್ತಿ ಬಂತು. ಸಂಜೆಗೆ ಕೂದಲೆಳೆಯಲ್ಲಿ ಗೆದ್ದೆ. ಈ ಊರು ನನ್ನನ್ನು ಬೈದೇ ಬೆಳೆಸಿತು, ಬೈದೇ ಗೆಲ್ಲಿಸಿತು. ಇಂಥವರ ಋಣ ಹೊತ್ತುಕೊಂಡು ಬರುವುದೂ ಒಂದು ಭಾಗ್ಯವೇ.

ದೇವರು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ. ಚಿಕ್ಕವಳ ಹಣೆಗೆ ನನ್ನದೊಂದು ಮುತ್ತು; ಅದಕ್ಕೆ ಓಟು ಕೇಳುವುದಿಲ್ಲ.

ನಿನ್ನವನೇ,
ಲೈಯನೆಲ್ ಥರ್ಸ್‌ಬಿ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನೆ ಆಂಬ್ರೋಸ್ ಅಣ್ಣನೂ ಬಂದಿದ್ದ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವನು. ಅಟ್ಟಣಿಗೆ ಹತ್ತಿ, ಟೋಪಿ ತೆಗೆದು, ನನ್ನನ್ನೇ ನೋಡುತ್ತಾ "ಪ್ಲಮ್‌ಟ್ರಿಗೆ" ಎಂದ. ಇಳಿದು ಬಂದವನನ್ನು "ಯಾಕಣ್ಣಾ?" ಎಂದು ಕೇಳಿದೆ.

"ನಿನ್ನ ಕಡೆಯವರೆಲ್ಲ ನಿನ್ನನ್ನ ಲಂಡನ್ನಿಗೆ ಕಳಿಸೋಕೆ ಕೂಗಿದರು ಕಣೋ, ಉಳಿದವರು ಬಿಯರಿಗೆ ಕೂಗಿದರು. ಇಲ್ಲೇ ಇರು ಅಂತ ಒಬ್ಬನಾದ್ರೂ ಕೂಗಬೇಡ್ವಾ?" ಎಂದು, ಟೋಪಿ ಹಾಕಿಕೊಂಡು ತನ್ನ ಕುರಿಮಂದೆಯತ್ತ ನಡೆದುಬಿಟ್ಟ.

ಊರಿಗೆಲ್ಲ ಕೃತಜ್ಞತೆ ಹೇಳಿದೆ, ಹೆಸ್ಟರ್. ಅವನೊಬ್ಬನಿಗೆ ಹೇಳಲು ಬಾಯಿ ಬರಲಿಲ್ಲ.